ಸಮಾಜವಾದಿಯ ಕೈಗೆ ಚಿನ್ನದ ನಾಣ್ಯ: 1996ರ ಪ್ರಮೀಥಿಯಸ್ ಪ್ರಶಸ್ತಿಯ ಪ್ರಕರಣ

1996ರಲ್ಲಿ ಅಮೆರಿಕದ ಒಂದು ಪುಟ್ಟ ಓದುಗರ ಸಂಘ ತನ್ನ ವರ್ಷದ ಅತ್ಯುತ್ತಮ ಕಾದಂಬರಿಯನ್ನು ಆರಿಸಿತು. ಸಂಘದ ಹೆಸರು ಲಿಬರ್ಟೇರಿಯನ್ ಫ್ಯೂಚರಿಸ್ಟ್ ಸೊಸೈಟಿ. ಅದು ಕೊಡುವುದು ಪ್ರಮೀಥಿಯಸ್ ಪ್ರಶಸ್ತಿ. ವ್ಯಕ್ತಿಯ ಸ್ವಾತಂತ್ರ್ಯವನ್ನು ಕೈಗೆತ್ತಿಕೊಳ್ಳುವ ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆಂದೇ ಇಟ್ಟ ಪ್ರಶಸ್ತಿ ಅದು. ಈ ಸಂಘದವರ ನಂಬಿಕೆ ಸರಳ. ಸರ್ಕಾರ ಆದಷ್ಟು ಸಣ್ಣದಿರಬೇಕು. ಒಬ್ಬರ ಬದುಕಿನಲ್ಲಿ ಇನ್ನೊಬ್ಬರು ಬಲವಂತವಾಗಿ ಕೈ ಹಾಕಬಾರದು. ನನ್ನ ದುಡಿಮೆ, ನನ್ನ ಆಸ್ತಿ, ನನ್ನ ವ್ಯಾಪಾರ ನನ್ನದೇ ಆಗಿರಬೇಕು.

ಆ ವರ್ಷ ಅವರು ಆರಿಸಿದ್ದು ಕೆನ್ ಮಕ್ಲೌಡ್ ಎಂಬ ಸ್ಕಾಟ್ಲೆಂಡಿನ ಲೇಖಕರನ್ನು. 1970ರ ದಶಕದಲ್ಲಿ ಟ್ರಾಟ್ಸ್ಕಿವಾದಿ, ಅಂದರೆ ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿಯ ದಾರಿ ಹಿಡಿದ ಎಡಪಂಥೀಯರ, ಸಂಘಟನೆಯಲ್ಲಿ ದುಡಿದವರು. ಆಮೇಲೆ ಕಮ್ಯುನಿಸ್ಟ್ ಪಕ್ಷದಲ್ಲೂ ಇದ್ದವರು. ಪ್ರಶಸ್ತಿ ಬಂದಿದ್ದು ಅವರ ಮೊದಲ ಕಾದಂಬರಿ 'ದ ಸ್ಟಾರ್ ಫ್ರ್ಯಾಕ್ಷನ್'ಗೆ. 1995ರಲ್ಲಿ ಅದು ಬ್ರಿಟನ್ನಿನಲ್ಲಿ ಅಚ್ಚಾಗಿತ್ತು. ಅಮೆರಿಕದಲ್ಲಿ ಆಗ ಅದಕ್ಕೆ ಪ್ರಕಾಶಕರೇ ಇರಲಿಲ್ಲ. ಅಲ್ಲಿ ಅದು ಅಂಗಡಿಗೆ ಬಂದಿದ್ದು 2001ರಲ್ಲಿ, ಪ್ರಶಸ್ತಿ ಬಂದು ಐದು ವರ್ಷ ಆದ ಮೇಲೆ.

ಮಾರುಕಟ್ಟೆಯನ್ನು ನಂಬುವ ಅಮೆರಿಕನ್ನರು ತಮ್ಮ ಊರಿನ ಅಂಗಡಿಯಲ್ಲಿ ಸಿಗದ ಒಂದು ಪುಸ್ತಕವನ್ನು ಹುಡುಕಿ ಓದಿ, ಅದನ್ನು ಬರೆದ ಎಡಪಂಥೀಯನಿಗೆ ತಮ್ಮ ಅತಿ ದೊಡ್ಡ ಗೌರವ ಕೊಟ್ಟರು. ಇದು ಹೇಗೆ ಆಯಿತು? ಈ ಪ್ರಶಸ್ತಿಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ಘಟನೆ ಇದು. ಒಂದು ಸಿದ್ಧಾಂತವನ್ನು ಬಾಗಿಲಲ್ಲೇ ಬರೆದು ಹಾಕಿಕೊಂಡ ಪ್ರಶಸ್ತಿಯೂ ಪ್ರಾಮಾಣಿಕವಾಗಿ ಓದಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಚಿನ್ನದಲ್ಲಿ ಶುರುವಾದ ಕಥೆ

ಪ್ರಶಸ್ತಿ ಹುಟ್ಟಿದ್ದು 1979ರಲ್ಲಿ. ಹುಟ್ಟುಹಾಕಿದವರು ಎಲ್. ನೀಲ್ ಸ್ಮಿತ್ ಎಂಬ ಕಾದಂಬರಿಕಾರ. ಮೊದಲ ಪ್ರಶಸ್ತಿ ಎಫ್. ಪಾಲ್ ವಿಲ್ಸನ್ ಅವರ 'ವೀಲ್ಸ್ ವಿದಿನ್ ವೀಲ್ಸ್' ಕಾದಂಬರಿಗೆ ಹೋಯಿತು. ವಿಲ್ಸನ್ ವೃತ್ತಿಯಲ್ಲಿ ವೈದ್ಯರು. ಬಹುಮಾನದ ಬೆಲೆ 2,500 ಡಾಲರ್, ಕೊಟ್ಟಿದ್ದು ಚಿನ್ನದ ರೂಪದಲ್ಲಿ.

ಚಿನ್ನವೇ ಯಾಕೆ? 1933ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶ ಹೊರಡಿಸಿದ್ದರು. ಜನ ತಮ್ಮ ಹತ್ತಿರ ಇರುವ ಚಿನ್ನದ ನಾಣ್ಯ, ಗಟ್ಟಿ ಎಲ್ಲವನ್ನೂ ಸರ್ಕಾರದ ಬ್ಯಾಂಕಿಗೆ ಒಪ್ಪಿಸಬೇಕು. ಒಡವೆ, ಹವ್ಯಾಸಕ್ಕೆ ಕೂಡಿಟ್ಟ ಅಪರೂಪದ ನಾಣ್ಯಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆ ನಿರ್ಬಂಧ ಪೂರ್ತಿ ತೆರವಾಗಿದ್ದು 1974ರ ಕೊನೆಗೆ. ಅಂದರೆ ಪ್ರಶಸ್ತಿ ಶುರುವಾಗುವ ಹೊತ್ತಿಗೆ, ಒಬ್ಬ ಅಮೆರಿಕನ್ ತನ್ನ ಕೈಯಲ್ಲಿ ಚಿನ್ನದ ಗಟ್ಟಿ ಹಿಡಿದು ಇದು ನನ್ನದು ಎಂದು ರಾಜಾರೋಷವಾಗಿ ಹೇಳಲು ಸಾಧ್ಯವಾಗಿ ಇನ್ನೂ ಐದು ವರ್ಷ ಆಗಿತ್ತು ಅಷ್ಟೆ. ನಮ್ಮಲ್ಲೂ ಇದೇ ಥರದ ಕಾನೂನು ಇತ್ತು. 1968ರ ಚಿನ್ನ ನಿಯಂತ್ರಣ ಕಾಯ್ದೆ ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಒಡವೆ ಇಟ್ಟುಕೊಳ್ಳಬಹುದಿತ್ತು, ಗಟ್ಟಿ ಮತ್ತು ನಾಣ್ಯ ಇಟ್ಟುಕೊಳ್ಳುವಂತಿರಲಿಲ್ಲ. ಅದು ರದ್ದಾಗಿದ್ದು 1990ರಲ್ಲಿ. ಹಾಗಾಗಿ ಚಿನ್ನವನ್ನೇ ಬಹುಮಾನವಾಗಿ ಕೊಡುವುದರಲ್ಲಿ ಒಂದು ರಾಜಕೀಯ ಮಾತಿತ್ತು. ಸರ್ಕಾರ ಅಚ್ಚು ಹಾಕುವ ನೋಟಿನ ಬೆಲೆ ಸರ್ಕಾರದ ಕೈಯಲ್ಲಿರುತ್ತದೆ, ಚಿನ್ನದ ಬೆಲೆ ಹಾಗಲ್ಲ ಎಂಬ ಮಾತು.

ಆದರೆ ಮೊದಲ ವರ್ಷವೇ ಪ್ರಶಸ್ತಿ ಮುಗ್ಗರಿಸಿತು. ಹಿಂದೆ ಗಟ್ಟಿಯಾದ ಸಂಸ್ಥೆ ಇರಲಿಲ್ಲ. ಕೆಲವರ ಉತ್ಸಾಹದ ಮೇಲೆ ನಡೆಯುವ ಕೆಲಸ, ಖರ್ಚೂ ದೊಡ್ಡದು. 1979ರ ಕೊನೆಗೆ ಚಿನ್ನದ ಬೆಲೆ ಔನ್ಸಿಗೆ 500 ಡಾಲರ್ ದಾಟಿತ್ತು, 1980ರ ಜನವರಿಯಲ್ಲಿ 850 ಮುಟ್ಟಿತು. 1980ರಲ್ಲಿ ಪ್ರಶಸ್ತಿ ಇಲ್ಲ, 1981ರಲ್ಲೂ ಇಲ್ಲ. 1982ರಲ್ಲಿ ಕೆಲವು ಓದುಗರು ಸೇರಿ ಲಿಬರ್ಟೇರಿಯನ್ ಫ್ಯೂಚರಿಸ್ಟ್ ಸೊಸೈಟಿ ಕಟ್ಟಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಬಹುಮಾನವನ್ನು ಒಂದು ಫಲಕ, ಒಂದು ಚಿನ್ನದ ನಾಣ್ಯಕ್ಕೆ ಇಳಿಸಿದರು. ಮುಂದೆ ವರ್ಷದ ಕಾದಂಬರಿಗೆ ಒಂದು ಔನ್ಸ್ ನಾಣ್ಯ ಕೊಡುವುದು ರೂಢಿಯಾಯಿತು.

ಮತ್ತೆ ಶುರುವಾದ 1982ರ ಪ್ರಶಸ್ತಿ ಯಾರಿಗೆ ಬಂತು ಗೊತ್ತಾ? ಪ್ರಶಸ್ತಿ ಹುಟ್ಟುಹಾಕಿದ ಎಲ್. ನೀಲ್ ಸ್ಮಿತ್ ಅವರಿಗೇ. ಕಾದಂಬರಿ 'ದ ಪ್ರಾಬಬಿಲಿಟಿ ಬ್ರೋಚ್'. ಡೆನ್ವರ್‌ನ ಒಬ್ಬ ಪತ್ತೇದಾರ ಇನ್ನೊಂದು ಅಮೆರಿಕಕ್ಕೆ ಜಾರಿ ಬೀಳುತ್ತಾನೆ. ಅಲ್ಲಿ ಸ್ವಾತಂತ್ರ್ಯ ಘೋಷಣೆಯಲ್ಲಿ ಒಂದೇ ಒಂದು ಪದ ಜಾಸ್ತಿ ಇದೆ. ಆಳುವವರಿಗೆ ಜನರ ಒಪ್ಪಿಗೆ ಬೇಕು ಎಂದಿರುವ ಕಡೆ ಅದು ಎಲ್ಲರ, ಒಬ್ಬರೂ ಬಿಡದೆ, ಒಪ್ಪಿಗೆ ಬೇಕು ಎಂದಾಗಿದೆ. ಅಷ್ಟರಿಂದ ಇಡೀ ಇತಿಹಾಸ ಬೇರೆ ದಾರಿ ಹಿಡಿದು, ಅಲ್ಲಿ ಸರ್ಕಾರ ಎನ್ನುವುದು ಇದ್ದೂ ಇಲ್ಲದಂತಾಗಿದೆ. ಕಲ್ಪನೆ ಚೆನ್ನಾಗಿದೆ. ಆದರೂ ಹುಟ್ಟುಹಾಕಿದವರೇ ಗೆದ್ದಾಗ ಹೊರಗಿನವರು ಏನಂದುಕೊಳ್ಳುತ್ತಾರೆ? ತಮ್ಮವರಿಗೆ ತಾವೇ ಕೊಟ್ಟುಕೊಂಡರು ಎಂದೇ ತಾನೆ. 1983ರಲ್ಲಿ ಹಳೆಯ ಕೃತಿಗಳಿಗೆಂದು ಹಾಲ್ ಆಫ್ ಫೇಮ್ ಎಂಬ ಎರಡನೇ ಪ್ರಶಸ್ತಿ ಶುರು ಮಾಡಿದಾಗಲೂ ಮೊದಲು ಬಂದ ಎರಡು ಹೆಸರು ಲಿಬರ್ಟೇರಿಯನ್ನರು ಮೆಚ್ಚಿಕೊಂಡ, ಎಲ್ಲರೂ ಊಹಿಸಬಹುದಾದವೇ. ರಾಬರ್ಟ್ ಹೈನ್‌ಲೈನ್ ಅವರ 'ದ ಮೂನ್ ಈಸ್ ಎ ಹಾರ್ಷ್ ಮಿಸ್ಟ್ರೆಸ್', ಅಯ್ನ್ ರ್‍ಯಾಂಡ್ ಅವರ 'ಅಟ್ಲಾಸ್ ಶ್ರಗ್ಡ್'. ಅಲ್ಲಿಗೆ ನಿಂತಿದ್ದರೆ ಇದು ಒಂದು ಬಳಗದ ಒಳಗಿನ ಸನ್ಮಾನವಾಗಿಯೇ ಉಳಿಯುತ್ತಿತ್ತು. ನಾನೂ ಇದರ ಬಗ್ಗೆ ಬರೆಯುತ್ತಿರಲಿಲ್ಲ.

ಬಾಗಿಲು ಮೊದಲು ತೆರೆದಿದ್ದು ಎಲ್ಲಿ

ಮರುವರ್ಷ 1984. ಹಾಲ್ ಆಫ್ ಫೇಮ್‌ಗೆ ರೇ ಬ್ರಾಡ್‌ಬರಿ ಅವರ 'ಫ್ಯಾರನ್‌ಹೀಟ್ 451' ಬಂತು. ಜೊತೆಗೆ ಜಾರ್ಜ್ ಆರ್ವೆಲ್ ಅವರ '1984' ಬಂತು, ಆ ಇಸವಿಯಲ್ಲೇ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್ ಜೀವನದ ಕೊನೆಯವರೆಗೂ ಸಮಾಜವಾದಿಯೇ. ಸ್ಪೇನಿನ ಅಂತರ್ಯುದ್ಧದಲ್ಲಿ ಎಡಪಂಥೀಯ ಪಡೆಯ ಜೊತೆ ಹೋರಾಡಿ, 1937ರಲ್ಲಿ ಗಂಟಲಿಗೆ ಗುಂಡೇಟು ತಿಂದವರು. ಆದರೆ ಆರ್ವೆಲ್ ಅವರನ್ನು ಒಪ್ಪಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ಎಲ್ಲ ಪಕ್ಷದವರೂ ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ.

ನಿಜವಾಗಿ ಕಷ್ಟದ ಹೆಜ್ಜೆ 1993ರದ್ದು. ಆ ವರ್ಷ ಉರ್ಸುಲಾ ಲೆ ಗ್ವಿನ್ ಅವರ 'ದ ಡಿಸ್ಪೊಸೆಸ್ಡ್' ಹಾಲ್ ಆಫ್ ಫೇಮ್ ಸೇರಿತು. 1974ರ ಕಾದಂಬರಿ ಅದು. ಅನಾರೆಸ್ ಎಂಬ ಬರಡು ನೆಲದಲ್ಲಿ ಒಂದು ಸಮಾಜ ಇದೆ. ಅಲ್ಲಿ ಸರ್ಕಾರ ಇಲ್ಲ, ಜೈಲು ಇಲ್ಲ, ದುಡ್ಡಿಲ್ಲ, ಯಾರಿಗೂ ಸ್ವಂತ ಆಸ್ತಿ ಇಲ್ಲ. ಸರ್ಕಾರ ಇಲ್ಲ ಎನ್ನುವವರೆಗೆ ಸಂಘದವರಿಗೆ ಖುಷಿ. ಆಸ್ತಿ ಇಲ್ಲ ಎಂದ ಕೂಡಲೇ ಅವರ ನಂಬಿಕೆಯ ಬುಡಕ್ಕೇ ಏಟು. ಆದರೂ ಮತ ಹಾಕಿದರು.

ಯಾಕೆ ಎಂದು ಕಾದಂಬರಿಯನ್ನೇ ಕೇಳಬೇಕು. ಅದರ ನಾಯಕ ಶೆವೆಕ್ ಭೌತವಿಜ್ಞಾನಿ. ಕಾನೂನೇ ಇಲ್ಲದ ಊರಲ್ಲಿ ಅವನ ಕೆಲಸ ಅಚ್ಚಾಗಬೇಕಾದರೆ ಸಬುಲ್ ಎಂಬ ಹಿರಿಯನ ಒಪ್ಪಿಗೆ ಬೇಕು. ಆ ಹಿರಿಯನಿಗೆ ಅಧಿಕಾರ ಕೊಟ್ಟವರು ಯಾರೂ ಇಲ್ಲ. ಅದು ತಾನಾಗಿ ಬೆಳೆದುಕೊಂಡಿದೆ. ಬರೆದವರ ಜಾಗದಲ್ಲಿ ತನ್ನ ಹೆಸರನ್ನೂ ಸೇರಿಸು ಎನ್ನುತ್ತಾನೆ ಸಬುಲ್. ನಾಲ್ಕು ಜನ ಏನಂದಾರು ಎಂಬ ಭಯವೇ ಪೊಲೀಸರ ಕೆಲಸ ಮಾಡುತ್ತದೆ. ನಮ್ಮ ಊರುಗಳಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ತನಗೆ ಇಷ್ಟವಾದ ವ್ಯವಸ್ಥೆಯನ್ನೇ ಲೆ ಗ್ವಿನ್ ಇಷ್ಟು ನಿಷ್ಠುರವಾಗಿ ಪರೀಕ್ಷೆಗೆ ಹಚ್ಚಿದರು. ಸಂಘದ ಓದುಗರು ಆ ಪರೀಕ್ಷೆಗೆ ಮತ ಹಾಕಿದರು ಎಂದು ನನಗನಿಸುತ್ತದೆ. ಮೂರು ವರ್ಷದ ನಂತರ ಮಕ್ಲೌಡ್ ಅವರಿಗೆ ಬಾಗಿಲು ತೆರೆದಿದ್ದು ಈ ಓದು.

ಲೇಖಕ, ಪುಸ್ತಕ

ಮಕ್ಲೌಡ್ ಹುಟ್ಟಿದ್ದು 1954ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇ ಊರಲ್ಲಿ. ಗ್ಲಾಸ್ಗೋದಲ್ಲಿ ಪ್ರಾಣಿಶಾಸ್ತ್ರ ಓದಿದರು. ಹೊಟ್ಟೆಪಾಡಿಗೆ ಕಂಪ್ಯೂಟರ್ ಪ್ರೋಗ್ರಾಮರ್ ಆದರು. ಹೆಸರಾಂತ ಕಾದಂಬರಿಕಾರ ಇಯಾನ್ ಬ್ಯಾಂಕ್ಸ್ ಅವರ ಶಾಲೆಯ ದಿನಗಳ ಗೆಳೆಯ. ಮೊದಲ ಕಾದಂಬರಿ ಹೊರಬಂದಾಗ ವಯಸ್ಸು ನಲವತ್ತು ದಾಟಿತ್ತು.

ಆ ವಯಸ್ಸು ಮುಖ್ಯ. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದಿತ್ತು. ಯೌವನವನ್ನೆಲ್ಲ ಎಡ ಚಳವಳಿಗೆ ಕೊಟ್ಟವರ ಮುಂದೆ ಒಂದು ಕಹಿ ಪ್ರಶ್ನೆ ಇತ್ತು. ಬಂಡವಾಳಶಾಹಿ ನಿಲ್ಲುವುದಿಲ್ಲ ಎಂದು ನಾವು ನಂಬಿದ್ದೆವು. ಸಮಾಜವಾದ ನಡೆಯುವುದೇ ಇಲ್ಲ ಎಂದು ಎದುರಾಳಿಗಳು ಹೇಳುತ್ತಿದ್ದರು. ಇಬ್ಬರು ಹೇಳಿದ್ದೂ ನಿಜವಾಗಿದ್ದರೆ? ಈ ಪ್ರಶ್ನೆ ಕಾದಂಬರಿಯನ್ನು ಕಾಡುತ್ತದೆ ಎಂದು ಮಕ್ಲೌಡ್ ಅವರೇ ಅಮೆರಿಕದ ಆವೃತ್ತಿಯ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಇದರ ಹಿಂದೆ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ 1920ರಲ್ಲಿ ಎತ್ತಿದ ವಾದವಿದೆ. ಮಾರುಕಟ್ಟೆಯಲ್ಲಿ ಬೆಲೆ ಹುಟ್ಟದಿದ್ದರೆ ಯಾವುದನ್ನು ಎಷ್ಟು ತಯಾರಿಸಬೇಕು ಎಂದು ಲೆಕ್ಕ ಹಾಕುವುದೇ ಅಸಾಧ್ಯ ಎನ್ನುವ ವಾದ. ಲಿಬರ್ಟೇರಿಯನ್ನರಿಗೆ ಇದು ಮೂಲಪಾಠ. ಒಬ್ಬ ಸಮಾಜವಾದಿ ಆ ಪಾಠವನ್ನು ತಳ್ಳಿಹಾಕದೆ ಎದೆಗೆ ಹಚ್ಚಿಕೊಂಡು, ಅದರ ಜೊತೆ ಗುದ್ದಾಡುತ್ತಾ ಕಾದಂಬರಿ ಬರೆದರು.

ಕಥೆ ನಡೆಯುವುದು ಇಪ್ಪತ್ತೊಂದನೇ ಶತಮಾನದ ನಡುವಿನ ಬ್ರಿಟನ್ನಿನಲ್ಲಿ. ದೇಶ ಚೂರುಚೂರಾಗಿದೆ. ಒಂದೊಂದು ಬಡಾವಣೆಗೆ ಒಂದೊಂದು ಕಾನೂನು, ಒಂದೊಂದು ಧ್ವಜ, ಒಂದೊಂದು ಸೈನ್ಯ. ಮೇಲೆ ಅಮೆರಿಕ ಮತ್ತು ವಿಶ್ವಸಂಸ್ಥೆಯ ಹದ್ದುಗಣ್ಣು. ಯಾವ ಸಂಶೋಧನೆ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ನಿರ್ಧರಿಸಲು ತಂತ್ರಜ್ಞಾನದ ಪೊಲೀಸರು. ಕೃತಕ ಬುದ್ಧಿಮತ್ತೆಯ ಕಡೆ ಯಾರಾದರೂ ಹೆಜ್ಜೆ ಇಟ್ಟರೆ ಅವರು ಬಂದು ನಿಲ್ಲುತ್ತಾರೆ. ಮೋ ಕೋನ್ ಎಂಬ ನಾಯಕ ಬಾಡಿಗೆ ಕಾವಲುಗಾರ, ಮನಸ್ಸಿನಲ್ಲಿ ಟ್ರಾಟ್ಸ್ಕಿವಾದಿ, ಕೈಯಲ್ಲಿ ಯೋಚಿಸುವ ಬಂದೂಕು. ಜಾನಿಸ್ ಟೇನ್ ಎಂಬ ವಿಜ್ಞಾನಿಯ ಪ್ರಯೋಗಾಲಯದ ಸುತ್ತ ಶುರುವಾಗುವ ಜಗಳ ಬೆಳೆದು ಇಡೀ ವ್ಯವಸ್ಥೆಯನ್ನು ಅಲ್ಲಾಡಿಸುತ್ತದೆ.

ನನಗೆ ಇದರಲ್ಲಿ ಹತ್ತಿರದವನು ಜೋರ್ಡನ್ ಬ್ರೌನ್ ಎಂಬ ಹುಡುಗ. ಅವನು ಇರುವುದು ಬ್ಯೂಲಾ ಸಿಟಿಯಲ್ಲಿ. ಕಟ್ಟಾ ಕ್ರೈಸ್ತರು ತಮ್ಮ ನಂಬಿಕೆಯಂತೆ ಬದುಕಲು ಕಟ್ಟಿಕೊಂಡ ಬಡಾವಣೆ ಅದು. ಜೋರ್ಡನ್‌ಗೆ ದೇವರಲ್ಲಿ ನಂಬಿಕೆ ಹೋಗಿದೆ. ಮನೆಯಲ್ಲಿ ಹೇಳುವಂತಿಲ್ಲ, ಕೆಲಸದ ಜಾಗದಲ್ಲಿ ಹೇಳುವಂತಿಲ್ಲ. ಅವನನ್ನು ಕೂಡಿಹಾಕಿರುವುದು ದೊಡ್ಡ ಸರ್ಕಾರವಲ್ಲ, ಜನ ತಾವೇ ಒಪ್ಪಿ ಕಟ್ಟಿಕೊಂಡ ಪುಟ್ಟ ಸಮುದಾಯ. ಹೇಗೋ ಅವಕಾಶ ಸಿಕ್ಕಿ ಅವನು ಅಲ್ಲಿಂದ ಹೊರಬೀಳುತ್ತಾನೆ. ಬಂದು ಸೇರುವುದು ನಾರ್ಲಾಂಟೋ ಎಂಬಲ್ಲಿಗೆ. ಉತ್ತರ ಲಂಡನ್ನಿನ ಈ ಭಾಗದಲ್ಲಿ ತೆರಿಗೆ ಇಲ್ಲ, ಸರ್ಕಾರಿ ಪೊಲೀಸರಿಲ್ಲ. ರಕ್ಷಣೆ ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕು, ನ್ಯಾಯವನ್ನೂ ಕೊಳ್ಳಬೇಕು. ಲಿಬರ್ಟೇರಿಯನ್ನರ ಕನಸಿನ ಊರು ಎನ್ನಬಹುದು.

ಮಕ್ಲೌಡ್ ಆ ಊರನ್ನು ಸ್ವರ್ಗ ಮಾಡಲಿಲ್ಲ, ನರಕವನ್ನೂ ಮಾಡಲಿಲ್ಲ. ಅಲ್ಲಿ ಗದ್ದಲವಿದೆ, ಕೊಳಕಿದೆ, ಬಂದೂಕು ಇದೆ. ಆದರೆ ಜೋರ್ಡನ್‌ನಂಥ ಹುಡುಗ ಬಾಯಿಬಿಟ್ಟು ಮಾತಾಡಲು ಸಾಧ್ಯವಾಗುವ ಜಾಗ ಅದು. ತನ್ನ ರಾಜಕೀಯಕ್ಕೆ ವಿರುದ್ಧವಾದ ವ್ಯವಸ್ಥೆಯಲ್ಲಿ ಒಬ್ಬ ಮನುಷ್ಯನಿಗೆ ಉಸಿರಾಡಲು ಜಾಗ ಇದೆ ಎಂದು ಲೇಖಕ ಒಪ್ಪಿಕೊಳ್ಳುತ್ತಾರೆ. ತನಗೆ ಪ್ರಿಯವಾದ ಕ್ರಾಂತಿಕಾರಿಗಳ ಒಳಗಿನ ಕ್ಷುದ್ರ ಜಗಳಗಳನ್ನೂ ಮುಚ್ಚಿಡುವುದಿಲ್ಲ. ಹೀಗೆ ಎರಡೂ ಕಡೆ ನ್ಯಾಯವಾಗಿ ಬರೆಯುವುದು ಎಷ್ಟು ಕಷ್ಟ ಎಂದು ರಾಜಕೀಯ ಕಾದಂಬರಿ ಓದಿದವರಿಗೆ ಗೊತ್ತು. ನಮ್ಮಲ್ಲೂ ಎದುರು ಪಕ್ಷದ ಪಾತ್ರ ಬಂದ ಕೂಡಲೇ ಅವನು ಕೆಟ್ಟವನೋ ಪೆದ್ದನೋ ಆಗಿಬಿಡುವ ಕಾದಂಬರಿಗಳು ಬೇಕಾದಷ್ಟಿವೆ.

ಮತ ಬಿದ್ದಿದ್ದು ಹೇಗೆ

ಒಳ್ಳೆಯ ಪುಸ್ತಕ ಎಂದ ಮಾತ್ರಕ್ಕೆ ಪ್ರಶಸ್ತಿ ಬರುವುದಿಲ್ಲ. ನಿಯಮಗಳು ದಾರಿ ಬಿಡಬೇಕು. ಈ ಪ್ರಶಸ್ತಿಯ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸಂಘದ ಸದಸ್ಯರು ಚಂದಾ ಕೊಟ್ಟು ಸೇರಿದವರು. ಹೆಚ್ಚಿನವರು ಸಾಮಾನ್ಯ ಓದುಗರೇ. ವರ್ಷದಲ್ಲಿ ಬಂದ ಕಾದಂಬರಿಗಳನ್ನು ಸದಸ್ಯರು ಸೂಚಿಸುತ್ತಾರೆ. ಒಂದು ಓದುವ ಸಮಿತಿ ಅವನ್ನೆಲ್ಲ ಓದಿ ಕೊನೆಯ ಸುತ್ತಿಗೆ ಸಾಮಾನ್ಯವಾಗಿ ಐದನ್ನು ಉಳಿಸುತ್ತದೆ. ಆಮೇಲೆ ಸದಸ್ಯರ ಮತ.  ಮತ ಹಾಕುವಾಗ ಪುಸ್ತಕಗಳನ್ನು ಒಂದನೆಯದು, ಎರಡನೆಯದು, ಮೂರನೆಯದು ಎಂದು ಸಾಲಾಗಿ ಬರೆಯುತ್ತಾರೆ. ಪಟ್ಟಿಯಲ್ಲಿ ಇನ್ನೊಂದು ಆಯ್ಕೆಯೂ ಇರುತ್ತದೆ: ಇವು ಯಾವುವೂ ಬೇಡ.

ಆ ಕೊನೆಯ ಆಯ್ಕೆ ಬರೀ ಅಲಂಕಾರಕ್ಕೆ ಇಟ್ಟಿದ್ದಲ್ಲ. 1985ರಲ್ಲಿ ಅದೇ ಗೆದ್ದಿತು. ಆ ವರ್ಷ ಯಾವ ಕಾದಂಬರಿಗೂ ಪ್ರಶಸ್ತಿ ಇಲ್ಲ. ನಮ್ಮಲ್ಲಿ ಚುನಾವಣೆಗೆ ನೋಟಾ ಬಂದಿದ್ದು 2013ರಲ್ಲಿ, ಅದಕ್ಕೆ ಎಷ್ಟು ಮತ ಬಿದ್ದರೂ ಅಭ್ಯರ್ಥಿ ಗೆದ್ದೇ ಗೆಲ್ಲುತ್ತಾನೆ. ಇಲ್ಲಿ ಹಾಗಲ್ಲ. ಯಾವುದೂ ಬೇಡ ಎಂದರೆ ನಿಜವಾಗಿಯೂ ಬೇಡ. ಇನ್ನೂ ಎಳೆಯದಾದ ಪ್ರಶಸ್ತಿಯೊಂದು, ಹೆಸರು ಮಾಡಬೇಕಾದ ಹೊತ್ತಿನಲ್ಲಿ, ಈ ವರ್ಷ ಅರ್ಹವಾದುದು ಇಲ್ಲ ಎಂದು ಹೇಳುವುದಕ್ಕೆ ಧೈರ್ಯ ಬೇಕು. ತಮ್ಮವರ ಸಾಧಾರಣ ಪುಸ್ತಕಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು.

ಈ ವಿಧಾನದಲ್ಲಿ ಲೇಖಕನ ಪಕ್ಷ ಯಾವುದು ಎಂದು ಕೇಳುವ ಜಾಗವೇ ಇಲ್ಲ. ಲೇಖಕ ಲಿಬರ್ಟೇರಿಯನ್ ಆಗಿರಬೇಕು ಎಂಬ ನಿಯಮ ಇಲ್ಲ. ಕೇಳುವುದು ಒಂದೇ: ಈ ಕಥೆ ಸ್ವಾತಂತ್ರ್ಯವನ್ನು, ಅಧಿಕಾರದ ದುರ್ಬಳಕೆಯನ್ನು ನಿಜವಾಗಿ ಎದುರಿಸುತ್ತದಾ? ಸಾಲಾಗಿ ಮತ ಹಾಕುವ ಪದ್ಧತಿಯಿಂದ ಇನ್ನೊಂದು ಅನುಕೂಲವಿದೆ. ಕಟ್ಟಾ ಬೆಂಬಲಿಗರ ಒಂದು ಗುಂಪು ತಮ್ಮವನಿಗೆ ಮೊದಲ ಸ್ಥಾನ ಕೊಟ್ಟರೂ, ಹೆಚ್ಚಿನವರು ಎರಡನೆಯದಾಗಿ ಮೆಚ್ಚಿದ ಪುಸ್ತಕ ಮುಂದೆ ಬರಬಹುದು. 1996ರಲ್ಲಿ ಪುಸ್ತಕ ಬ್ರಿಟನ್ನಿನದು, ಅಮೆರಿಕದ ಓದುಗರು ತರಿಸಿಕೊಂಡು ಓದಬೇಕು. ಜಾಹೀರಾತಿನ ಬೆಂಬಲ ಇಲ್ಲ, ಲೇಖಕನ ಹೆಸರು ಹೊಸದು. ಇಷ್ಟಾಗಿಯೂ ಗೆದ್ದಿತು ಎಂದರೆ, ಓದಿದವರು ನಿಜವಾಗಿ ಮೆಚ್ಚಿ ಮತ ಹಾಕಿರಬೇಕು.

ಎದುರು ಮಾತುಗಳು

ಈ ಪ್ರಕರಣವನ್ನು ಬೇರೆ ಥರ ನೋಡುವವರೂ ಇರಬಹುದು. ಅವರ ಮಾತಿನಲ್ಲಿ ತೂಕವಿದೆ.

ಮೊದಲನೆಯ ಆಕ್ಷೇಪ: ಸಾಹಿತ್ಯಕ್ಕೆ ಸಿದ್ಧಾಂತದ ಅಳತೆಗೋಲು ಯಾಕೆ? ಕಾದಂಬರಿ ಕಾದಂಬರಿಯಾಗಿ ಚೆನ್ನಾಗಿದ್ದರೆ ಸಾಲದೇ? ನನಗೂ ಈ ಅಳುಕು ಇದೆ. ಪ್ರಶಸ್ತಿಯ ಹಳೆಯ ಪಟ್ಟಿ ನೋಡಿದರೆ, ವಿಚಾರ ಜೋರಾಗಿದ್ದು ಕಥೆ ಸಪ್ಪೆಯಾದ ಪುಸ್ತಕಗಳೂ ಸಿಗುತ್ತವೆ. ಆದರೆ ಒಂದು ವಿಷಯಕ್ಕೆ ಮೀಸಲಾದ ಪ್ರಶಸ್ತಿ ತಾನು ಏನನ್ನು ಹುಡುಕುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತದೆ. ತನಗೆ ಪಕ್ಷವೇ ಇಲ್ಲ ಎನ್ನುವ ದೊಡ್ಡ ಪ್ರಶಸ್ತಿಗಳ ತೀರ್ಪುಗಾರರಿಗೂ ಒಲವುಗಳಿರುತ್ತವೆ. ಅವು ನಮಗೆ ಕಾಣುವುದಿಲ್ಲ ಅಷ್ಟೆ. ಹೇಳಿ ಮಾಡುವವರನ್ನು ಪ್ರಶ್ನಿಸುವುದು ಸುಲಭ.

ಎರಡನೆಯದು ಎಡಪಂಥೀಯರ ಕಡೆಯಿಂದ ಬರುವಂಥದ್ದು. ನಾರ್ಲಾಂಟೋವನ್ನು ನೋಡಿ ಲಿಬರ್ಟೇರಿಯನ್ನರು ತಮಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡರು, ಕಾದಂಬರಿಯ ಕ್ರಾಂತಿಯ ಕನಸನ್ನು ಬದಿಗಿಟ್ಟರು ಎನ್ನುವ ಮಾತು. ಹಾಗೆ ಓದಿದವರೂ ಕೆಲವರು ಇದ್ದಿರಬಹುದು. ಆದರೆ ಇದಕ್ಕೆ ಉತ್ತರ 1998ರಲ್ಲಿ ಬಂತು. ಅದೇ ಸರಣಿಯ ಎರಡನೇ ಕಾದಂಬರಿ 'ದ ಸ್ಟೋನ್ ಕೆನಾಲ್'ಗೂ ಪ್ರಶಸ್ತಿ ಹೋಯಿತು. ಅದೂ ಅಮೆರಿಕದಲ್ಲಿ ಇನ್ನೂ ಅಚ್ಚಾಗದ ಪುಸ್ತಕವೇ.

'ದ ಸ್ಟೋನ್ ಕೆನಾಲ್' ಸಂಘದವರ ನಂಬಿಕೆಗೆ ಇನ್ನೂ ತೀಕ್ಷ್ಣವಾದ ಸವಾಲು. ದೂರದ ಹೊಸ ಮಂಗಳ ಎಂಬ ಲೋಕದಲ್ಲಿ ಸರ್ಕಾರವೇ ಇಲ್ಲ. ನ್ಯಾಯಾಲಯಗಳೂ ಖಾಸಗಿ. ಅಲ್ಲಿ ಡೀ ಮಾಡೆಲ್ ಎಂಬ ಹೆಣ್ಣು ತನ್ನ ಒಡೆಯನ ಮನೆಯಿಂದ ಓಡಿಹೋಗುತ್ತಾಳೆ. ಅವಳ ಮೈ ಮನುಷ್ಯರದ್ದೇ, ಒಳಗಿನ ಬುದ್ಧಿ ಯಂತ್ರದ್ದು. ಅವಳು ನನ್ನ ಸ್ವತ್ತು, ವಾಪಸ್ ಕೊಡಿ ಎನ್ನುತ್ತಾನೆ ಒಡೆಯ ರೀಡ್. ನಾನು ಯಾರ ಸ್ವತ್ತೂ ಅಲ್ಲ ಎನ್ನುತ್ತಾಳೆ ಅವಳು. ಆಸ್ತಿಯ ಹಕ್ಕೇ ಸ್ವಾತಂತ್ರ್ಯದ ಬುನಾದಿ ಎಂದು ನಂಬಿದ ಓದುಗನನ್ನು ಇದು ಮೂಲೆಗೆ ಒತ್ತುತ್ತದೆ. ಆಸ್ತಿ ಎಂದು ನೀವು ಕರೆಯುವುದೇ ಎದ್ದು ನಿಂತು ಮಾತಾಡಿದರೆ ಯಾರ ಪರ ನಿಲ್ಲುತ್ತೀರಿ? ಈ ಪ್ರಶ್ನೆ ಕೇಳಿದ ಪುಸ್ತಕಕ್ಕೆ ಸಂಘ ಪ್ರಶಸ್ತಿ ಕೊಟ್ಟಿತು. ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವ ಓದುಗರು ಈ ಕೆಲಸ ಮಾಡುತ್ತಿರಲಿಲ್ಲ.

ಮೂರನೆಯದು ನನ್ನದೇ ಕೊರಗು. ಇದು ತುಂಬಾ ಕಾಲ ಇಂಗ್ಲಿಷ್ ಮಾತಾಡುವ ದೇಶಗಳ, ಅದರಲ್ಲೂ ಗಂಡಸರ ಪಟ್ಟಿಯಾಗಿತ್ತು. 1979ರಿಂದ 2007ರವರೆಗೆ ವರ್ಷದ ಕಾದಂಬರಿಯ ಪ್ರಶಸ್ತಿ ಒಬ್ಬ ಹೆಂಗಸಿಗೂ ಬರಲಿಲ್ಲ. 2008ರಲ್ಲಿ ಜೋ ವಾಲ್ಟನ್ ಅವರ 'ಹಾಪೆನಿ' ಹ್ಯಾರಿ ಟರ್ಟಲ್‌ಡವ್ ಅವರ ಪುಸ್ತಕದ ಜೊತೆ ಸಮನಾಗಿ ಗೆದ್ದಿತು. ಹಿಟ್ಲರ್ ಜೊತೆ ರಾಜಿ ಮಾಡಿಕೊಂಡ ಬ್ರಿಟನ್ನಿನ ಕಥೆ ಅದು. ಸ್ವಾತಂತ್ರ್ಯದ ಬಗ್ಗೆ ಬರೆಯಲು ಹೆಂಗಸರಿಗಿಂತ ಜಾಸ್ತಿ ಕಾರಣ ಯಾರಿಗಿದೆ? ಇಷ್ಟು ತಡವಾಗಿದ್ದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ.

ಆಮೇಲೆ ನಡೆದಿದ್ದು

1996ರ ನಂತರದ ಪಟ್ಟಿ ಓದುತ್ತಾ ಹೋದರೆ ಬಾಗಿಲು ತೆರೆದೇ ಇದ್ದದ್ದು ಕಾಣುತ್ತದೆ. ಹಾಲ್ ಆಫ್ ಫೇಮ್ ಕಾದಂಬರಿಯಾಚೆಗೂ ಕೈಚಾಚಿತು. 2000ದಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬರೆದ, ರಾಜನ ಹೊಸ ಬಟ್ಟೆಯ ಕಥೆಗೆ ಆ ಗೌರವ ಸಂದಿತು. ರಾಜ ಬೆತ್ತಲಾಗಿದ್ದಾನೆ ಎಂದು ಮಗು ಕೂಗುವ ಆ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಸ್ವಾತಂತ್ರ್ಯದ ಸಾಹಿತ್ಯದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದು ಎಷ್ಟು ಸರಿಯಾದ ಕೆಲಸ! 2003ರಲ್ಲಿ ವರ್ಷದ ಕಾದಂಬರಿಯಾಗಿ ಟೆರಿ ಪ್ರಾಚೆಟ್ ಅವರ 'ನೈಟ್ ವಾಚ್' ಗೆದ್ದಿತು. ಅದರ ನಾಯಕ ಒಬ್ಬ ಪೊಲೀಸ್. ಸರ್ಕಾರವನ್ನು ಅನುಮಾನಿಸುವ ಓದುಗರು ಒಬ್ಬ ಒಳ್ಳೆಯ ಪೊಲೀಸನ ಕಥೆಯನ್ನು ಎತ್ತಿ ಹಿಡಿದರು.

2006ರಲ್ಲಿ ಮಕ್ಲೌಡ್ ಮೂರನೇ ಸಲ ಗೆದ್ದರು, 'ಲರ್ನಿಂಗ್ ದ ವರ್ಲ್ಡ್' ಕಾದಂಬರಿಗೆ. 2009ರಲ್ಲಿ ಕೋರಿ ಡಾಕ್ಟರೋ ಅವರ 'ಲಿಟ್ಲ್ ಬ್ರದರ್' ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಯೋತ್ಪಾದಕರ ದಾಳಿ ಆದಾಗ, ಹದಿನೇಳು ವರ್ಷದ ಮಾರ್ಕಸ್ ಎಂಬ ಹುಡುಗನನ್ನು ಭದ್ರತಾ ಇಲಾಖೆಯವರು ಹಿಡಿದು ಒಳಗೆ ಹಾಕುತ್ತಾರೆ. ಹೊರಬಂದ ಹುಡುಗ ಕಂಪ್ಯೂಟರ್ ಜಾಣ್ಮೆಯಿಂದ ತಿರುಗಿ ನಿಲ್ಲುತ್ತಾನೆ. ಡಾಕ್ಟರೋ ಈ ಪುಸ್ತಕವನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಲಿ ಎಂದು ಬಿಟ್ಟುಕೊಟ್ಟವರು. ಅವರ ರಾಜಕೀಯವೂ ಎಡದ ಕಡೆಯದ್ದೇ. 2013 ಮತ್ತು 2014ರಲ್ಲಿ ಮತ್ತೆರಡು ಸಲ ಗೆದ್ದರು.

ಲೆಕ್ಕ ಹಾಕಿ ನೋಡಿ. 2014ರ ಹೊತ್ತಿಗೆ ವರ್ಷದ ಕಾದಂಬರಿಯ ಪ್ರಶಸ್ತಿಯನ್ನು ಮೂರು ಸಲ ಪಡೆದವರು ನಾಲ್ಕು ಜನ. ಎಲ್. ನೀಲ್ ಸ್ಮಿತ್ ಮತ್ತು ಕಾದಂಬರಿಕಾರ ವಿಕ್ಟರ್ ಕೋಮನ್ ಈ ಬಳಗದ ಒಳಗಿನವರು, ಸಂಘದ ವಿಚಾರವನ್ನೇ ಉಸಿರಾಡಿದವರು. ಕೆನ್ ಮಕ್ಲೌಡ್ ಮತ್ತು ಕೋರಿ ಡಾಕ್ಟರೋ ಆಚೆ ಕಡೆಯಿಂದ ಬಂದವರು. ಯಾರೂ ಹೀಗೆ ಹಂಚಬೇಕು ಎಂದು ಕೂತು ಯೋಜನೆ ಹಾಕಿದ್ದಲ್ಲ. ವರ್ಷ ವರ್ಷ ಓದುಗರು ಒಂದೊಂದು ಪುಸ್ತಕಕ್ಕೆ ಹಾಕಿದ ಮತಗಳು ಸೇರಿ ಹೀಗೆ ನಿಂತಿವೆ.

2017ರಲ್ಲಿ ಇನ್ನೊಂದು ಗಡಿ ದಾಟಿತು. ಫಿನ್ಲೆಂಡಿನ ಯೊಹಾನ್ನಾ ಸಿನಿಸಾಲೋ ಫಿನ್ನಿಷ್ ಭಾಷೆಯಲ್ಲಿ ಬರೆದು ಇಂಗ್ಲಿಷಿಗೆ ಬಂದ 'ದ ಕೋರ್ ಆಫ್ ದ ಸನ್' ವರ್ಷದ ಕಾದಂಬರಿಯಾಯಿತು. ಅದರಲ್ಲಿ ಜನರ ಆರೋಗ್ಯ ಕಾಪಾಡುವ ನೆಪದಲ್ಲಿ ಸರ್ಕಾರ ಎಲ್ಲ ಮತ್ತಿನ ಪದಾರ್ಥಗಳನ್ನೂ ನಿಷೇಧಿಸಿದೆ. ಹೆಂಗಸರನ್ನು ವಿಧೇಯರಾಗಿರುವಂತೆ ತಲೆಮಾರುಗಳಿಂದ ತಳಿ ಆರಿಸಿ ಬೆಳೆಸಿದೆ. ನಿಷೇಧದ ಪಟ್ಟಿಯಲ್ಲಿ ಖಾರದ ಮೆಣಸಿನಕಾಯಿಯೂ ಇದೆ. ಕಥಾನಾಯಕಿ ಕದ್ದುಮುಚ್ಚಿ ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿಯುತ್ತಾಳೆ. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಇಲ್ಲದೆ ದಿನ ಕಳೆಯದ ನಮಗೆ, ಸರ್ಕಾರ ಅಡುಗೆಮನೆಯ ಡಬ್ಬಿಗೆ ಕೈ ಹಾಕುವುದು ಎಂದರೆ ಏನು ಎಂದು ಆ ಕಾದಂಬರಿ ಚುರುಕ್ಕೆನ್ನುವಂತೆ ತಟ್ಟಿಸುತ್ತದೆ.

ಈ ಗೆಲುವಿನಿಂದ ನಮಗೆ ತಿಳಿಯುವ ಕೆಲಸದ ಮಾತೊಂದಿದೆ. ಮೂಲ ಯಾವ ಭಾಷೆಯದ್ದಾದರೂ ಸರಿ, ಇಂಗ್ಲಿಷಿನಲ್ಲಿ ಮೊದಲ ಸಲ ಅಚ್ಚಾದ ವರ್ಷದ ಲೆಕ್ಕದಲ್ಲಿ ಕಾದಂಬರಿ ಕಣಕ್ಕೆ ಇಳಿಯಬಹುದು. ಸಿನಿಸಾಲೋ ಅವರ ಪುಸ್ತಕ ಫಿನ್ನಿಷ್‌ನಲ್ಲಿ ಬಂದಿದ್ದು 2013ರಲ್ಲಿ, ಇಂಗ್ಲಿಷಿಗೆ ಬಂದಿದ್ದು 2016ರಲ್ಲಿ, ಗೆದ್ದಿದ್ದು ಮರುವರ್ಷ. ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆಯುವವರಿದ್ದಾರೆ, ಅಧಿಕಾರದ ಜೊತೆ ಜಗಳ ತೆಗೆಯುವ ಬರಹಕ್ಕೂ ಇಲ್ಲಿ ಬರವಿಲ್ಲ. ಅಂಥ ಒಂದು ಕಾದಂಬರಿಯನ್ನು ಇಂಗ್ಲಿಷಿಗೆ ತರುವ ಅನುವಾದಕರು, ಪ್ರಕಾಶಕರು ಆ ವರ್ಷವೇ ಒಂದು ಪ್ರತಿಯನ್ನು ಈ ಸಂಘದ ಓದುವ ಸಮಿತಿಗೂ ಕಳಿಸಬೇಕು. ಬರೆದವರ ರಾಜಕೀಯ ಯಾವುದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.